ಇವತ್ತು ನೆಲದ ಮೇಲೆ ಯಾರೂ ಇಲ್ಲ

ಲುನ್ಸಾ ನಮ್ಮ ಉದ್ದಮನೆಯ ಕೊನೆಯ ಬಾಗಿಲಿನವಳು. ಕಂಬಗಳ ಮೇಲೆ ಎತ್ತಿ ಕಟ್ಟಿದ ಒಂದೇ ಸೂರು, ಅದರಡಿ ಸಾಲಾಗಿ ನಮ್ಮೆಲ್ಲರ ಸಂಸಾರ, ಎಲ್ಲರ ಬಾಗಿಲ ಮುಂದೆ ಹಾದುಹೋಗುವ ಒಂದೇ ಜಗಲಿ. ಆ ಜಗಲಿಗೆ ನಾವು ರುವಾಯ್ ಅನ್ನುತ್ತೇವೆ. ರುವಾಯ್‌ಗೆ ಯಾರು ಬೇಕಾದರೂ ಹತ್ತಿ ಬಂದು ಕೂರಬಹುದು. ಯಾಕೆ ಬಂದೆ ಎಂದು ಕೇಳುವುದು ಊಟವಾದ ಮೇಲೆ. ಮರ ಕಡಿಯುವವರ ದಾರಿಗೆ ಅಡ್ಡ ಕೂತಿದ್ದಕ್ಕೆ ನನ್ನನ್ನು ಹಿಡಿಯಲು ಬಂದ ಪೊಲೀಸರು ಕೂಡ ಅಲ್ಲೇ ಕೂತು, ಬಿದಿರಲ್ಲಿ ಬೇಯಿಸಿದ ಕೋಳಿ ತಿಂದು, ಕೈ ತೊಳೆದು, ಆಮೇಲೆ ನನಗೆ ಕೋಳ ತೊಡಿಸಿದರು. ನಮ್ಮ ಪದ್ಧತಿ ಅದು. ಈ ಕಥೆ ಪೂರ್ತಿ ಆ ಪದ್ಧತಿಯಿಂದಲೇ ಕೆಟ್ಟಿತು, ಅದಕ್ಕೆ ಮೊದಲೇ ಹೇಳಿದೆ.

ಆ ದಾರಿ ತಡೆಯ ಕಾಲದಲ್ಲಿ ಲುನ್ಸಾ ಇನ್ನೂ ಚಿಕ್ಕವಳು. ಅವಳ ಅವ್ವನ ಬೆನ್ನ ಹಿಂದೆ ಅನ್ನದ ಪೊಟ್ಟಣ ಹೊತ್ತು ಬರುತ್ತಿದ್ದಳು. ಬೆಳೆದ ಮೇಲೆ ಎಲ್ಲ ಹುಡುಗಿಯರ ಹಾಗೆ ಹೊಳೆ ಇಳಿದು ಪಟ್ಟಣಕ್ಕೆ ಹೋದಳು. ಅಲ್ಲಿ ಪ್ಲೈವುಡ್ ಕಾರ್ಖಾನೆಯಲ್ಲಿ ದಿಮ್ಮಿಯನ್ನು ತೆಳ್ಳಗೆ ಸೀಳುವ ಯಂತ್ರದ ಕೆಲಸ. ನಾವು ಕಡಿಯಬೇಡಿ ಎಂದು ದಾರಿಯಲ್ಲಿ ಮಲಗಿದ ಮರಗಳನ್ನೇ ಅವಳು ಅಲ್ಲಿ ಸಿಪ್ಪೆ ಸುಲಿಯುತ್ತಿದ್ದಳು. ಇದನ್ನು ನಾನು ಆಡಿ ತೋರಿಸಿದರೆ ಅವಳಿಗೇನೂ ಬೇಜಾರಿಲ್ಲ. ‘ನೀವು ಚೆನ್ನಾಗಿ ತಡೆದಿದ್ರೆ ನನಗೆ ಕೆಲಸವೇ ಸಿಕ್ತಿರ್ಲಿಲ್ಲ ಅಕಿ’ ಎನ್ನುತ್ತಿದ್ದಳು. ವಯಸ್ಸಾದ ಗಂಡಸರನ್ನು ನಮ್ಮಲ್ಲಿ ಅಕಿ ಎಂದೇ ಕರೆಯುವುದು. ಅಲ್ಲಿ ಒಬ್ಬ ಗಂಡ ಇದ್ದ, ಆಮೇಲೆ ಇರಲಿಲ್ಲ. ಅವಳು ಆ ವಿಷಯವಾಗಿ ಹೇಳಿದ್ದು ಅಷ್ಟೇ, ನಾವು ಕೇಳಿದ್ದೂ ಅಷ್ಟೇ. ಕಾರ್ಖಾನೆ ಮುಚ್ಚಿತು, ಅವಳು ವಾಪಸು ಬಂದಳು. ಗಟ್ಟಿ ದನಿ, ಬಾಯಿ ತುಂಬ ಬೈಗುಳ, ಕೈಯಲ್ಲಿ ಸದಾ ಎಲೆ ಸುತ್ತಿದ ಬೀಡಿ.

ಅಷ್ಟರಲ್ಲಿ ತಾಳೆ ಕಂಪನಿ ಬಂದಿತ್ತು. ಹಿಂದಿನ ಗುಡ್ಡದಿಂದ ಹೊಳೆಯ ತಿರುವಿನವರೆಗೆ ಇರುವ ನೆಲವೆಲ್ಲ ಖಾಲಿ, ಅದನ್ನು ಸರ್ಕಾರ ಕಂಪನಿಗೆ ಗುತ್ತಿಗೆ ಕೊಟ್ಟಿದೆ ಎಂಬ ಕಾಗದ ಅವರ ಕೈಯಲ್ಲಿ. ಆ ನೆಲದಲ್ಲಿ ನಮ್ಮ ಬೆಟ್ಟದ ಭತ್ತ, ರಬ್ಬರ್, ಬೆತ್ತ, ಮನೆಗೆ ನೀರು ಬರುವ ಝರಿ, ನಮ್ಮ ಮುತ್ತಾತಂದಿರ ಉದ್ದಮನೆ ಇದ್ದ ಜಾಗ, ಅವರು ನೆಟ್ಟ ದೂರಿಯನ್ ಹಣ್ಣಿನ ಮರಗಳು ಎಲ್ಲ ಇದ್ದವು. ಬೆಟ್ಟದ ಭತ್ತದವರು ಒಂದೇ ತುಂಡಿನಲ್ಲಿ ವರ್ಷವರ್ಷವೂ ಬಿತ್ತುವುದಿಲ್ಲ. ಒಂದು ಕಡೆ ಬಿತ್ತುತ್ತೇವೆ, ಉಳಿದದ್ದನ್ನು ಪೊದೆ ಬೆಳೆಯಲು ಬಿಡುತ್ತೇವೆ, ಸುತ್ತಿ ಮತ್ತೆ ಅಲ್ಲಿಗೇ ಬರುತ್ತೇವೆ. ಹಾಗೆ ಬಿಟ್ಟದ್ದು ನಮಗೆ ವಿಶ್ರಾಂತಿಯಲ್ಲಿರುವ ನೆಲ, ಕಂಪನಿಗೆ ಯಾರಿಗೂ ಬೇಡದ ನೆಲ. ನಾವು ಕೋರ್ಟಿಗೆ ಹೋದೆವು. ವಕೀಲ ಸಿಬಾಟ್ ನಮ್ಮವನೇ, ಪಟ್ಟಣದಲ್ಲಿ ಹುಟ್ಟಿ ಬೆಳೆದವನು, ಪುಕ್ಕಟೆ ನಡೆಸುತ್ತೇನೆ ಎಂದ. ಅವನು ಕೇಳಿದ್ದು ಒಂದೇ: ಈ ನೆಲವನ್ನು ನೀವು ಬಳಸುತ್ತಿದ್ದೀರಿ ಎಂದು ತೋರಿಸಬೇಕು, ಬಾಯಲ್ಲಿ ಹೇಳಿದರೆ ಸಾಲದು, ಚಿತ್ರ ಬೇಕು.

ಪಟ್ಟಣದ ಒಂದು ಸಂಘದವರು ಡ್ರೋನ್ ಹಾರಿಸುವುದನ್ನೂ ನಕ್ಷೆ ಮಾಡುವುದನ್ನೂ ಕಲಿಸುತ್ತಿದ್ದರು. ನಮ್ಮ ಮನೆಯ ಯಜಮಾನ ಸಬಾನ್, ಯಂತ್ರ ಮುಟ್ಟಿ ಗೊತ್ತಿರುವವಳು ಇವಳೊಬ್ಬಳೇ ಎಂದು ಲುನ್ಸಾಳನ್ನು ಕಳಿಸಿದ. ಅವಳು ಕಲಿತು ಬಂದಳು. ಡ್ರೋನ್ ಮಾತ್ರ ಕೆಳಹೊಳೆಯ ಉದ್ದಮನೆಯವರದು, ಸರದಿಯ ಮೇಲೆ ಕಡ ತರಬೇಕು. ಅದು ಮೇಲಿಂದ ರಾಶಿ ರಾಶಿ ಸಣ್ಣ ಚಿತ್ರ ತೆಗೆಯುತ್ತದೆ. ಅವನ್ನು ಕೂಡಿಸಿ ಕೌದಿ ಹೊಲಿದ ಹಾಗೆ ಒಂದೇ ದೊಡ್ಡ ಚಿತ್ರ ಮಾಡಬೇಕು, ಅದರ ಯಾವ ಮೂಲೆ ಮುಟ್ಟಿದರೂ ಭೂಮಿಯ ಮೇಲೆ ಅದು ಎಲ್ಲಿದೆ ಎಂದು ಹೇಳುವ ಹಾಗೆ. ಮೊದಲ ಬಾರಿ ಮಾಡಿದ್ದನ್ನು ಅವಳು ತನ್ನ ಕಂಪ್ಯೂಟರಿನಲ್ಲೇ ಇಟ್ಟಿದ್ದಳು. ಹೊಳೆ ಉಕ್ಕಿ ಮನೆಯ ಕಂಬ ಏರಿದ ವರ್ಷ ಕಂಪ್ಯೂಟರೂ ಹೋಯಿತು, ಚಿತ್ರವೂ ಹೋಯಿತು. ಅಂದಿನಿಂದ ಕ್ಲೌಡ್‌ನಲ್ಲಿ ಇಡಲು ಶುರು ಮಾಡಿದಳು. ಹೊಳೆ ಇಳಿದು ಪೇಟೆಯ ಕಾಫಿ ಅಂಗಡಿಯಲ್ಲಿ ಒಂದು ಕರಿಕಾಫಿ ಹೇಳಿ, ಅಂಗಡಿಯ ಇಂಟರ್ನೆಟ್ಟಿನಲ್ಲಿ ಚಿತ್ರ ಏರುವ ತನಕ ಕೂರುತ್ತಿದ್ದಳು. ಅಂಗಡಿಯ ಯಜಮಾನ, ಮುದುಕ ತೌಕೆ, ಬಂದು ಬಂದು ಅವಳ ಲೋಟ ನೋಡುತ್ತಿದ್ದ. ಕಾಫಿ ಮುಗಿದು ಹೊತ್ತಾಯಿತು ಎಂದರೆ, ಗುಡ್ಡ ಇನ್ನೂ ಅರ್ಧ ಏರಿದೆ, ಇಳಿಸಲಾ ಎಂದು ಅವನನ್ನೇ ಗದರುತ್ತಿದ್ದಳು.

ಕ್ಲೌಡ್ ಎಂದರೆ ಏನು ಎಂದು ರುವಾಯ್‌ನಲ್ಲಿ ಅವಳು ವಿವರಿಸಿದ ದಿನ ನಾನಿದ್ದೆ. ದೂರದೇಶದಲ್ಲಿ ಯಾರದೋ ಯಂತ್ರ, ಅದರಲ್ಲಿ ನಮಗೊಂದಿಷ್ಟು ಜಾಗ, ದುಡ್ಡು ಕೊಡದವರಿಗೆ ಸ್ವಲ್ಪ ಜಾಗ ಮಾತ್ರ. ಎಲ್ಲ ಕೇಳಿಸಿಕೊಂಡು ಇಂದೈ ರಿಂಬು ಬಾಯಿ ತೆರೆದಳು. ಇಂದೈ ಎಂದರೆ ತಾಯಿ. ಮಗ ರಿಂಬು ಸತ್ತು ಎಷ್ಟೋ ವರ್ಷವಾದರೂ ಅವಳ ಹೆಸರು ಅದೇ.

‘ಅಂದ್ರೆ ನಮ್ ಗುಡ್ಡನ ತಗೊಂಡೋಗಿ ಇನ್ನೊಬ್ಬರ ಮನೇಲಿ ಇಟ್ಟಿದೀಯ.’

‘ಚಿತ್ರ ಕಣಜ್ಜಿ, ಗುಡ್ಡ ಅಲ್ಲ.’

‘ಅದೇ. ಆ ಮನೆಯವರು ನೋಡಲ್ವಾ?’

ಲುನ್ಸಾ ಅದನ್ನೇ ಕೇಳಬೇಕು ಎಂದುಕೊಂಡಿದ್ದಳು. ಚಿತ್ರಕ್ಕೆ ಬೀಗ ಹಾಕಬಹುದು, ಆಗ ನಾವು ಹೇಳಿದವರಿಗಷ್ಟೇ ಕಾಣುತ್ತದೆ. ಆದರೆ ಕೇಳುವವರು ಬಹಳ. ಸಿಬಾಟ್‌ಗೆ ಬೇಕು, ಅವನ ಕಚೇರಿಯ ಹುಡುಗಿಗೆ ಬೇಕು, ಇದೇ ಕಂಪನಿಯ ಜೊತೆ ಗುದ್ದಾಡುತ್ತಿರುವ ಹೊಳೆಯುದ್ದದ ಮನೆಗಳಿಗೆಲ್ಲ ಬೇಕು. ಒಬ್ಬೊಬ್ಬರಿಗೂ ಒಪ್ಪಿಗೆ ಕೊಡಲು ಇವಳು ದೋಣಿ ಹತ್ತಿ ಪೇಟೆಗೆ ಹೋಗಬೇಕು. ಬೀಗ ಇಲ್ಲದಿದ್ದರೆ ಒಂದು ಲಿಂಕ್ ಸಾಕು, ಯಾರು ಬೇಕಾದರೂ ನೋಡಬಹುದು, ಇಳಿಸಿಕೊಳ್ಳಬಹುದು. ಏನು ಮಾಡಲಿ ಎಂದು ಮನೆಯವರನ್ನು ಕೇಳಿದಳು.

ಸಬಾನ್ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಹೇಳಿದ: ‘ಬೀಗ ಹಾಕೋಕೆ ನಾವೇನು ಕದ್ದಿದೀವಾ?’

ಅಲ್ಲಿಗೆ ಮುಗಿಯಿತು. ಉದ್ದಮನೆಯಲ್ಲಿ ಹಗಲು ಬಾಗಿಲು ಹಾಕಿಕೊಂಡವರನ್ನು ನಾವು ಕಾಯಿಲೆಯವರು ಅನ್ನುತ್ತೇವೆ, ಇಲ್ಲವೇ ಮಾಂಸ ಬಚ್ಚಿಟ್ಟವರು ಅನ್ನುತ್ತೇವೆ. ನಮ್ಮ ನೆಲ ನಮ್ಮದು, ನೋಡಲಿ ಜಗತ್ತು ಎಂದು ನಾನೂ ಕೈ ಎತ್ತಿದೆ.

ಆ ಸಲ, ಬಿತ್ತುವ ಮುಂಚೆ ಪೊದೆ ಕಡಿದು ಸುಡುವ ಕಾಲದಲ್ಲಿ, ಅವಳು ತೆಗೆದ ಚಿತ್ರಗಳು ಮಬ್ಬು. ಗದ್ದೆಗೆ ಬೆಂಕಿ ಹಾಕಿದ್ದೆವು, ಆಚೆ ದ್ವೀಪಗಳ ಹೊಗೆಯೂ ಬಂದು ಕೂತಿತ್ತು. ಹೊಗೆಯ ಸಂದಿಯಲ್ಲಿ ಕೋಲು ಹಿಡಿದ ಹೆಂಗಸರು, ಹೊಳೆಯಲ್ಲಿ ದೋಣಿ, ಗುಡಿಸಲ ಮುಂದೆ ನಾಯಿ, ಎಲ್ಲ ಇರುವೆಯ ಹಾಗೆ ಕಾಣುತ್ತಿತ್ತು. ದೂರಿಯನ್ ಮರ ಒಂದೂ ಕಾಣಲಿಲ್ಲ. ಸಿಬಾಟ್ ಮೂಗು ಮುರಿದ. ಅವನಿಗೆ ಮರಗಳು ಬೇಕು. ನೆಟ್ಟ ಮರ ತಾನಾಗಿ ಬೆಳೆದ ಮರದ ಹಾಗಿರುವುದಿಲ್ಲ, ಸಾಲು ಕಾಣಬೇಕು ಎಂದ.

ಸುಗ್ಗಿ ಮುಗಿಸಿ ಗವಾಯ್ ಹಬ್ಬದಲ್ಲಿ ಅಕ್ಕಿಹೆಂಡ ಕುಡಿದ ತಲೆನೋವು ಇನ್ನೂ ಇಳಿದಿರಲಿಲ್ಲ, ಅಕಿ ಗೆರಿನಾಂಗ್ ಸತ್ತ. ಇಂದೈ ರಿಂಬುವಿನ ಗಂಡ, ನಮ್ಮ ಮನೆಯ ಅತಿ ಹಿರಿಯ. ಯಾವ ದೂರಿಯನ್ ಮರವನ್ನು ಯಾರು ನೆಟ್ಟರು, ಯಾವ ಮಗು ಹುಟ್ಟಿದಾಗ ನೆಟ್ಟರು ಎಂಬುದೆಲ್ಲ ಅವನ ಬಾಯಲ್ಲಿತ್ತು. ಸಿಬಾಟ್ ಅವನನ್ನೇ ಮೊದಲ ಸಾಕ್ಷಿ ಎಂದು ಇಟ್ಟುಕೊಂಡಿದ್ದ. ಸಾವು ಕೋರ್ಟಿನ ತಾರೀಖು ಕೇಳುವುದಿಲ್ಲ.

ಸಾವಾದರೆ ನಮ್ಮಲ್ಲಿ ಉಲಿತ್ ಹಿಡಿಯಬೇಕು. ಸೂತಕ ಎನ್ನಿ. ಇಷ್ಟು ದಿನ ಎಂದು ಯಜಮಾನ ಸಾರುತ್ತಾನೆ. ಅಷ್ಟು ದಿನ ಯಾರೂ ಗದ್ದೆಗೆ ಹೋಗುವಂತಿಲ್ಲ, ಕತ್ತಿ ಎತ್ತುವಂತಿಲ್ಲ, ದೋಣಿ ಬಿಡುವಂತಿಲ್ಲ, ಜಾಗಟೆ ಬಾರಿಸುವಂತಿಲ್ಲ. ಮನೆಯಲ್ಲಿ ಕೂರಬೇಕು, ಅಷ್ಟೇ. ಆ ಸೂತಕದ ನಡುವೆಯೇ ಡ್ರೋನ್ ವಾಪಸು ಕೊಡುವ ದಿನ ಬಂತು. ಆಕಾಶವೋ ತೊಳೆದಿಟ್ಟ ಹಾಗಿತ್ತು, ಒಂದು ಎಳೆ ಹೊಗೆ ಇಲ್ಲ. ಇನ್ನೊಂದು ಸರದಿ ಬರುವುದು ಮತ್ತೆ ಹೊಗೆಯ ಕಾಲಕ್ಕೆ.

ಡ್ರೋನ್ ಹಾರಿಸುವುದು ಕೆಲಸವೋ ಅಲ್ಲವೋ ಎಂಬ ಚರ್ಚೆ ರುವಾಯ್‌ನಲ್ಲಿ ನಡೆಯಿತು. ನೆಲ ಮುಟ್ಟುವುದಿಲ್ಲ ಎಂದು ಒಬ್ಬರು. ಸದ್ದು ಮಾಡುತ್ತದಲ್ಲ ಎಂದು ಇನ್ನೊಬ್ಬರು. ಜೀರುಂಡೆ ಅದಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ, ಅದಕ್ಕೆ ಸೂತಕ ಹೇಳಿದ್ದೀರಾ ಎಂದು ಲುನ್ಸಾ. ಸಬಾನ್ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಕೊನೆಗೆ ಕತ್ತಲೆ ಕೋಣೆಯಲ್ಲಿ ಕೂತಿದ್ದ ಇಂದೈ ರಿಂಬು ಒಳಗಿನಿಂದಲೇ ತೀರ್ಪು ಕೊಟ್ಟಳು.

‘ನೋಡೋದು ತಾನೇ? ಆ ಮುದುಕ ದಿನಾ ಇಲ್ಲೇ ಕೂತು ಗದ್ದೆ ಕಡೆ ನೋಡ್ತಿದ್ದ. ನಾನು ಯಾವತ್ತೂ ಅದನ್ನ ಕೆಲಸ ಅಂತ ಲೆಕ್ಕ ಹಾಕಿಲ್ಲ. ಹಾರಿಸೇ.’

ಸತ್ತವನ ಹೆಂಡತಿಯೇ ಹೇಳಿದ ಮೇಲೆ ಇನ್ನೇನು. ಸೂತಕದ ಮನೆ ಎಂಬುದನ್ನೂ ಮರೆತು ನಾಲ್ಕು ಜನ ನಕ್ಕರು. ಲುನ್ಸಾ ಜಗಲಿಯ ಅಂಚಿನಲ್ಲಿ ನಿಂತು ಹಾರಿಸಿದಳು.

ಸೂತಕ ಕಳೆದ ಮೇಲೆ ಬಿಳಿ ಹೊದಿಕೆಯೊಂದನ್ನು ಕಟ್ಟಿ ಅದರ ಮೇಲೆ ಚಿತ್ರ ತೋರಿಸಿದಳು. ಅಂಥ ಚಿತ್ರ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ದೂರಿಯನ್ ಮರಗಳ ನೆತ್ತಿ ಒಂದೊಂದಾಗಿ ಲೆಕ್ಕಕ್ಕೆ ಸಿಗುತ್ತಿತ್ತು. ಮುತ್ತಾತಂದಿರ ಉದ್ದಮನೆ ಎಷ್ಟುದ್ದ ಇತ್ತು ಎಂಬುದು ಮರಗಳ ಸಾಲಿನಿಂದಲೇ ಗೊತ್ತಾಗುತ್ತಿತ್ತು. ಆಮೇಲೆ ಯಾರೋ ಒಬ್ಬರು ಇನ್ನೊಂದನ್ನು ಗಮನಿಸಿದರು. ಗದ್ದೆಯ ಗುಡಿಸಲುಗಳ ಬಾಗಿಲು ಮುಚ್ಚಿದೆ, ದಾರಿಯಲ್ಲಿ ಒಬ್ಬರಿಲ್ಲ, ಹೊಳೆಯಲ್ಲಿ ಒಂದು ದೋಣಿಯಿಲ್ಲ, ಒಂದು ಒಲೆಯ ಹೊಗೆಯಿಲ್ಲ. ಗುಡ್ಡದಿಂದ ತಿರುವಿನವರೆಗೆ ಒಂದು ನರಪಿಳ್ಳೆ ಇಲ್ಲ. ರುವಾಯ್ ತುಂಬ ಹೆಮ್ಮೆ. ಈ ಕಾಲದ ಹುಡುಗರು ಸೂತಕ ಪಾಲಿಸುವುದಿಲ್ಲ, ಕದ್ದು ಮೀನಿಗೆ ಹೋಗುತ್ತಾರೆ ಎಂದು ಮುದುಕರು ಗೊಣಗುತ್ತಿದ್ದರಲ್ಲ, ಈಗ ಆಕಾಶದಿಂದಲೇ ಸಾಬೀತಾಗಿತ್ತು. ಒಬ್ಬನೂ ತಪ್ಪಿರಲಿಲ್ಲ. ಗೆರಿನಾಂಗ್‌ಗೆ ಸಲ್ಲಬೇಕಾದ ಮರ್ಯಾದೆ ಪೂರ್ತಿ ಸಂದಿತ್ತು.

ಚಿತ್ರಕ್ಕೆ ಹೆಸರಿಡಬೇಕು, ಹೆಸರಿಲ್ಲದೆ ಕ್ಲೌಡ್‌ಗೆ ಏರಿಸಿದರೆ ಆಮೇಲೆ ಹುಡುಕುವುದು ಕಷ್ಟ ಎಂದು ಲುನ್ಸಾ ಇಂದೈ ರಿಂಬುವನ್ನೇ ಕೇಳಿದಳು. ಮುದುಕಿ ಪರದೆಯನ್ನೇ ನೋಡುತ್ತಾ ಹೇಳಿದಳು: ‘ಇವತ್ತು ನೆಲದ ಮೇಲೆ ಯಾರೂ ಇಲ್ಲ ಅಂತ ಬರಿ. ಅವನಿಗೆ ಗೊತ್ತಾಗ್ಲಿ.’

ಲುನ್ಸಾ ಹಾಗೇ ಬರೆದಳು. ಮರುದಿನ ಪೇಟೆಗೆ ಹೋಗಿ ಏರಿಸಲು ಕೂತರೆ ಜಾಗ ಸಾಲಲಿಲ್ಲ. ಅಷ್ಟು ಸ್ಪಷ್ಟವಾದ ಚಿತ್ರ ಭಾರವೂ ಹೆಚ್ಚು. ಜಾಗ ಮಾಡಲು ಹಳೆಯ ಮಬ್ಬು ಚಿತ್ರಗಳನ್ನೆಲ್ಲ ಅಳಿಸಿದಳು. ಹೋಗುವ ಮುಂಚೆ ಸಬಾನ್‌ನನ್ನು ಕೇಳಿಯೇ ಹೋಗಿದ್ದಳು. ಕಣ್ಣುರಿಯೋ ಚಿತ್ರ ಇಟ್ಕೊಂಡು ಏನ್ಮಾಡ್ತೀಯ ಎಂದಿದ್ದ ಅವನು. ಸಿಬಾಟ್ ಹೊಸ ಚಿತ್ರ ನೋಡಿ ಖುಷಿಯಾಗಿ ಮರಗಳ ಸುತ್ತ ಕೆಂಪು ಗೆರೆ ಎಳೆದ. ಅವನು ನೋಡಿದ್ದು ಮರಗಳನ್ನು.

ಕಂಪನಿಯವರು ಮಿಕ್ಕಿದ್ದನ್ನು ನೋಡಿದರು. ಅವರು ಏನನ್ನೂ ಕದಿಯಲಿಲ್ಲ, ಇದನ್ನು ನಾನು ಒಪ್ಪಬೇಕು. ಬಾಗಿಲು ತೆರೆದಿತ್ತು, ಬಂದರು, ನೋಡಿದರು, ತೆಗೆದುಕೊಂಡು ಹೋದರು. ವಿಚಾರಣೆಗೆ ಮುಂಚೆ ಅವರು ಕೋರ್ಟಿಗೆ ಕೊಟ್ಟ ಕಾಗದಗಳಲ್ಲಿ ನಮ್ಮದೇ ಚಿತ್ರ, ನಮ್ಮದೇ ಹೆಸರಿನ ಸಮೇತ. ಸಿಬಾಟ್ ಫೋನಿನಲ್ಲಿ ಅದನ್ನು ಹೇಳಿದಾಗ ಲುನ್ಸಾ ಪೇಟೆಯಲ್ಲೇ ಇದ್ದಳು. ಆ ಘಳಿಗೆಯಲ್ಲೇ ಅಂಗಡಿಯಲ್ಲಿ ಕೂತು, ಅವನನ್ನು ಒಂದು ಮಾತು ಕೇಳದೆ, ಚಿತ್ರದ ಹೆಸರನ್ನು ‘ಸೂತಕದ ದಿನದ ಚಿತ್ರ’ ಎಂದು ಬದಲಾಯಿಸಿದಳು. ಕ್ಲೌಡ್ ಏನನ್ನೂ ಮರೆಯುವುದಿಲ್ಲ. ಹಳೆಯ ಹೆಸರು, ಹೊಸ ಹೆಸರು, ಬದಲಾಯಿಸಿದ ದಿನ, ಬದಲಾಯಿಸಿದ ಕೈ, ಎಲ್ಲವನ್ನೂ ಅದು ಬರೆದಿಟ್ಟುಕೊಂಡಿತು. ಬೀಗ ಇಲ್ಲದ್ದರಿಂದ ಅದೂ ಎಲ್ಲರಿಗೂ ಕಾಣುತ್ತಿತ್ತು.

ಕೋರ್ಟಿನಲ್ಲಿ ಲುನ್ಸಾ ಸಾಕ್ಷಿ ಕಟ್ಟೆಯಲ್ಲಿ, ನಾವೆಲ್ಲ ಅವಳ ಹಿಂದಿನ ಬೆಂಚುಗಳಲ್ಲಿ. ಕಂಪನಿಯ ವಕೀಲ ಒಳ್ಳೆಯ ಮಾತಿನವನು. ಒಂದು ಸಲವೂ ದನಿ ಏರಿಸಲಿಲ್ಲ. ಅವನ ಪ್ರಶ್ನೆಯನ್ನು ನಮ್ಮ ಭಾಷೆಗೆ ತಿರುಗಿಸಲು ಒಬ್ಬ ದುಭಾಷಿ ಇದ್ದ. ಚಿತ್ರ ತೆಗೆದವರು ಯಾರು? ನಾನು. ಹೆಸರು ಬರೆದವರು? ನಾನು. ಒತ್ತಾಯದಿಂದ ಬರೆಸಿದರೋ? ಇಲ್ಲ. ಹಾಗಾದರೆ ಓದಿ ಎಂದ. ಅವಳು ಓದಿದಳು. ನಮ್ಮ ಗೆರಿನಾಂಗ್‌ಗೆ ಕೇಳಲಿ ಎಂದು ಅವನ ಹೆಂಡತಿ ಹೇಳಿದ ಮಾತನ್ನು ಆ ತಣ್ಣನೆಯ ಕೋಣೆಯಲ್ಲಿ ದುಭಾಷಿ ಇಂಗ್ಲಿಷಿಗೆ ತಿರುಗಿಸಿದ. ಅದು ಗುತ್ತಿಗೆ ಕಾಗದದ ಸಾಲಿನ ಹಾಗೇ ಕೇಳಿಸಿತು.

ಲುನ್ಸಾ ಉಲಿತ್ ಎಂದರೇನು ಎಂದು ಹೇಳಿದಳು. ವಕೀಲ ತಲೆಯಾಡಿಸುತ್ತಾ ಪೂರ್ತಿ ಕೇಳಿದ. ಗದ್ದೆಯಲ್ಲಿ ಜನ ಇರುವ ಬೇರೆ ಚಿತ್ರ ಇದ್ದರೆ ತೋರಿಸಿ, ನಾವು ನಂಬಲು ಸಿದ್ಧ ಎಂದ. ಅಳಿಸಿದೆ ಎಂದಳು. ಜನ ಇರುವ ಚಿತ್ರ ಅಳಿಸಿ, ಜನ ಇಲ್ಲದ ಚಿತ್ರ ಉಳಿಸಿಕೊಂಡಿರಾ ಎಂದು ಅವನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ಹೆಸರು ಬದಲಾಯಿಸಿದ ದಾಖಲೆಯನ್ನು ಪರದೆಯ ಮೇಲೆ ಹಾಕಿಸಿದ.

‘ನಮ್ಮ ಕಾಗದ ಕೋರ್ಟಿಗೆ ಬಂದ ಮೇಲೆ ಹೆಸರು ಬದಲಾಯಿಸಿದ್ದೀರಿ. ಯಾಕೆ?’

‘ಸರಿ ಮಾಡೋಕೆ.’

‘ಮೊದಲಿನ ಹೆಸರಲ್ಲಿ ತಪ್ಪಿತ್ತಾ?’

ಲುನ್ಸಾ ಹಿಂದೆ ತಿರುಗಿ ಇಂದೈ ರಿಂಬುವನ್ನು ನೋಡಿದಳು. ಮುದುಕಿ ಮೊದಲ ಸಾಲಿನಲ್ಲೇ ಕೂತಿದ್ದಳು. ತಪ್ಪಿತ್ತು ಎಂದಿದ್ದರೆ ಕೇಸಿಗೆ ಏನಾದರೂ ಆಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಸತ್ತವನ ಹೆಂಡತಿಯ ಎದುರಿಗೆ ಹಾಗೆನ್ನಲು ಅವಳಿಗೆ ಬಾಯಿ ಬರಲಿಲ್ಲ.

‘ಇಲ್ಲ’ ಎಂದಳು.

‘ತಪ್ಪಿಲ್ಲದೆ ಏನನ್ನ ಸರಿ ಮಾಡಿದ್ರಿ?’



ತೀರ್ಪು ಬರಲು ಬಹಳ ಹೊತ್ತು ಹಿಡಿಯಿತು, ಓದಲು ಹಿಡಿಯಲಿಲ್ಲ. ಉದ್ದಮನೆ ನಿಂತಿರುವ ಜಾಗ ಮತ್ತು ಅದರ ಹಿತ್ತಲು ನಮ್ಮದು. ಉಳಿದ ಭಾಗದಲ್ಲಿ ಎಡೆಬಿಡದೆ ವಾಸ ಮತ್ತು ಬಳಕೆ ಇದ್ದದ್ದು ಸಾಬೀತಾಗಿಲ್ಲ, ಸಾಕ್ಷಿಯೇ ಒದಗಿಸಿದ ಚಿತ್ರ ಅದಕ್ಕೆ ವಿರುದ್ಧವಾಗಿದೆ. ಸಿಬಾಟ್ ಮೇಲಿನ ಕೋರ್ಟಿಗೆ ಹಾಕಿದ. ಅದು ಅಲ್ಲೇ ಇದೆ. ಯಂತ್ರಗಳು ಅದಕ್ಕೆ ಕಾಯಲಿಲ್ಲ.

ನಾವು ಮತ್ತೆ ದಾರಿಗೆ ಅಡ್ಡ ಕೂತೆವು. ಹಿಂದೆ ಕೂತಾಗ ಮೈಯಲ್ಲಿ ಕಸುವಿತ್ತು, ಎತ್ತಿ ಒಯ್ಯಲು ಒಬ್ಬೊಬ್ಬರಿಗೆ ನಾಲ್ಕು ಜನ ಬೇಕಿತ್ತು. ಈ ಸಲ ಒಬ್ಬ ಎಳೆಯ ಪೊಲೀಸು ನನ್ನ ಕಂಕುಳಿಗೆ ಕೈ ಹಾಕಿ, ಮೆಲ್ಲಗೆ ಬನ್ನಿ ಅಕಿ, ಬೀಳ್ತೀರ ಎಂದು ಪಕ್ಕಕ್ಕೆ ಕೂರಿಸಿದ. ಒದ್ದಿದ್ದರೆ ಒಳ್ಳೆಯದಿತ್ತು. ದೂರಿಯನ್ ಮರಗಳನ್ನು ಒಂದೇ ದಿನದಲ್ಲಿ ಉರುಳಿಸಿದರು. ಝರಿ ಕೆಂಪಾಯಿತು, ಆಮೇಲೆ ನಿಂತಿತು. ಈಗ ಕುಡಿಯುವ ನೀರನ್ನು ಕಂಪನಿಯೇ ಟ್ಯಾಂಕಿನಲ್ಲಿ ತಂದು ಕೊಡುತ್ತದೆ, ಅದಕ್ಕೆ ಸಬಾನ್ ಸಹಿ ಹಾಕುತ್ತಾನೆ.

ಮನೆಯಲ್ಲಿ ಯಾರೂ ಲುನ್ಸಾಳನ್ನು ಬೈಯಲಿಲ್ಲ. ಎಲ್ಲರೂ ಸೇರಿ ಮಾಡಿದ್ದು, ಬೈದರೆ ತಮ್ಮನ್ನೇ ಬೈದುಕೊಳ್ಳಬೇಕು. ಅವಳಿಗೆ ಅದು ಬೈಗುಳಕ್ಕಿಂತ ಕಷ್ಟವಾಯಿತೇನೋ. ರುವಾಯ್‌ನಲ್ಲಿ ಕೂರುವುದನ್ನು ಬಿಟ್ಟಳು. ಹಗಲೂ ಬಾಗಿಲು ಹಾಕಿಕೊಳ್ಳತೊಡಗಿದಳು. ಅವಳ ಬೈಗುಳ ಕೇಳದೆ ಜಗಲಿ ಆ ತುದಿಯಲ್ಲಿ ಸತ್ತ ಹಾಗಿತ್ತು. ನಾನೊಮ್ಮೆ ಬಾಗಿಲು ತಟ್ಟಿ ಒಳಗೆ ಹೋದೆ. ಆ ಚಿತ್ರ ಈಗಲೂ ಹಾಗೇ ಬೀಗವಿಲ್ಲದೆ ಬಿದ್ದಿದೆಯಾ, ಅದನ್ನಾದರೂ ಮುಚ್ಚಬಾರದಾ ಎಂದೆ.

‘ಮುಚ್ಚಿ ಯಾರಿಂದ ಕಾಪಾಡ್ಲಿ ಅಕಿ? ಮರ ಇರೋದು ಈಗ ಅಲ್ಲಿ ಮಾತ್ರ.’

ನಾನು ಅವಳ ಬೀಡಿಯಲ್ಲೊಂದು ತೆಗೆದುಕೊಂಡು ಸೇದಿ ಎದ್ದು ಬಂದೆ. ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ.

ಹೋದ ಮಳೆಗಾಲದ ಕೊನೆಗೆ ಇಂದೈ ರಿಂಬು ಸತ್ತಳು. ಸಬಾನ್ ರುವಾಯ್‌ನ ನಡುವೆ ನಿಂತು ಉಲಿತ್ ಸಾರಿದ. ಕತ್ತಿ ಎತ್ತಬೇಡಿ, ದೋಣಿ ಬಿಡಬೇಡಿ, ಜಾಗಟೆ ಬಾರಿಸಬೇಡಿ ಎಂದ. ‘ಯಾರೂ ಗದ್ದೆಗೆ...’ ಎಂದು ಅಲ್ಲಿಗೆ ನಿಲ್ಲಿಸಿದ. ಹೋಗದೆ ಇರಲು ಗದ್ದೆ ಇರಲಿಲ್ಲ. ಎಲ್ಲರೂ ನೆಲ ನೋಡಿದೆವು. ಅವನು, ಸರಿ, ಗೊತ್ತಲ್ಲ ಎಂದು ಕೂತುಬಿಟ್ಟ.

ಬೆಳಿಗ್ಗೆ ಕಂಪನಿಯ ಲಾರಿ ಬಂದು ಕೆಳಗೆ ಹಾರ್ನ್ ಹೊಡೆಯಿತು. ಮನೆಯ ಪ್ರಾಯದವರೆಲ್ಲ ಈಗ ತಾಳೆ ಕೆಲಸದಲ್ಲಿದ್ದಾರೆ. ಬಾರದಿದ್ದರೆ ಹೆಸರು ತೆಗೆಯುತ್ತಾರೆ, ಅಲ್ಲಿ ಸೂತಕಕ್ಕೆ ರಜೆ ಎಂಬುದಿಲ್ಲ. ಹಳದಿ ಟೋಪಿ ಕಂಕುಳಲ್ಲಿ ಬಚ್ಚಿಟ್ಟುಕೊಂಡು, ಹೆಣವಿದ್ದ ಬಾಗಿಲಿನ ಮುಂದೆ ಬಗ್ಗಿ ಹಾದು, ಒಬ್ಬೊಬ್ಬರಾಗಿ ಏಣಿ ಇಳಿದರು. ಸಬಾನ್ ಹೊಳೆಯ ಕಡೆ ಮುಖ ಮಾಡಿ ಅಡಿಕೆ ಕತ್ತರಿಸುತ್ತಿದ್ದ. ಅವನ ಮಗನೂ ಇಳಿದ.

ಆ ಹೊತ್ತಿಗೆ ಲುನ್ಸಾಳ ಬಾಗಿಲು ತೆರೆಯಿತು. ಸಂಘದವರು ಬಿಸಾಡುವ ಮುಂಚೆ ಇಟ್ಟುಕೋ ಎಂದು ಕೊಟ್ಟ ಹಳೆಯ ಡ್ರೋನ್ ಅವಳ ಕೈಯಲ್ಲಿತ್ತು. ಯಾರನ್ನೂ ಕೇಳಲಿಲ್ಲ. ನೋಡುವುದು ಕೆಲಸವಲ್ಲ ಎಂದು ಹೇಳಬೇಕಾದವಳು ಒಳಗೆ ಮಲಗಿದ್ದಳು. ಹಾರಿಸಿ, ಇಳಿಸಿ, ರುವಾಯ್‌ನಲ್ಲೇ ಕೂತು ಚಿತ್ರಗಳನ್ನು ಕೂಡಿಸಿದಳು. ಪೇಟೆಗೆ ಹೋಗುವ ಕಷ್ಟ ಈಗಿಲ್ಲ, ಕಂಪನಿ ತನ್ನ ಕಚೇರಿಗೆಂದು ಹಾಕಿಸಿದ ಟವರಿನಿಂದ ನಮಗೂ ಇಂಟರ್ನೆಟ್ ಬರುತ್ತದೆ. ನಾನು ಪಕ್ಕದಲ್ಲಿ ಕೂತೆ. ಕೆಂಪು ಮಣ್ಣು, ಬಾಚಣಿಗೆ ಎಳೆದಂಥ ಸಾಲುಗಳು, ಸಾಲುಗಳ ನಡುವೆ ಹಳದಿ ಚುಕ್ಕಿಗಳು. ಆಕಾಶ ಅವತ್ತಿನ ಹಾಗೇ ಶುಭ್ರವಾಗಿತ್ತು. ಗುಡ್ಡದಿಂದ ತಿರುವಿನವರೆಗೆ ಎಲ್ಲಿ ಬೆರಳಿಟ್ಟರೂ ಜನ. ಅವರಲ್ಲಿ ನಮ್ಮವರು ಯಾರು, ಹೊರಗಿನವರು ಯಾರು ಎಂದು ಮೇಲಿನಿಂದ ಹೇಳುವಂತಿರಲಿಲ್ಲ. ಸಬಾನ್‌ನ ಮಗ ಮಾತ್ರ ಗುರುತು ಸಿಕ್ಕ, ಕಾಲು ಎಳೆದು ನಡೆಯುತ್ತಾನೆ, ಅವನ ಹಿಂದೆ ಮಣ್ಣಿನಲ್ಲಿ ಒಂದು ಗೀರು ಬೀಳುತ್ತದೆ.

ಚಿತ್ರ ಏರಿತು. ಹೆಸರಿನ ಜಾಗದಲ್ಲಿ ಸಣ್ಣ ಗೆರೆಯೊಂದು ಮಿಣುಕುತ್ತಾ ಕಾಯುತ್ತಿತ್ತು.

‘ಏನ್ ಬರೀಲಿ ಅಕಿ?’

ನಾನು ಇಂದೈ ರಿಂಬುವಿನ ಬಾಗಿಲ ಕಡೆ ನೋಡಿದೆ. ಅವಳು ಹೆಸರಿನ ಜಾಗವನ್ನು ಹಾಗೇ ಖಾಲಿ ಬಿಟ್ಟು ಒತ್ತಿದಳು. ಯಂತ್ರ ತಾನೇ ಆ ದಿನದ ತಾರೀಖನ್ನು ಹೆಸರಾಗಿ ಹಾಕಿಕೊಂಡಿತು. ಅದಕ್ಕೂ ಬೀಗ ಹಾಕಿಲ್ಲ.